ಹತ್ತು ಕಿಲೋ ಬೀಜ, ಎಂಟೂಕಾಲು ಕಿಲೋ ಕಾಫಿ

ಹತ್ತು ಕಿಲೋ ಹಸಿ ಕಾಫಿ ಬೀಜ ಹುರಿದರೆ ಕೈಗೆ ಸಿಗುವುದು ಸಾಮಾನ್ಯವಾಗಿ ಎಂಟರಿಂದ ಎಂಟೂವರೆ ಕಿಲೋ. ಬೀಜದೊಳಗಿನ ಶೇ 10–12ರಷ್ಟು ತೇವಾಂಶ ಆವಿಯಾಗುತ್ತದೆ, ಮೇಲಿನ ತೆಳು ಸಿಪ್ಪೆ ಉದುರುತ್ತದೆ, ಇನ್ನೊಂದಷ್ಟು ಅನಿಲವಾಗಿ ಹಾರಿಹೋಗುತ್ತದೆ. ನೌಕರಿ ಬಿಡದೆ ವಾರಾಂತ್ಯದಲ್ಲಷ್ಟೇ ಕಾಫಿ ಹುರಿದು ಮಾರಬೇಕೆನ್ನುವವರು ಯಂತ್ರದ ಬೆಲೆ ವಿಚಾರಿಸುವ ಮೊದಲು ಈ ಲೆಕ್ಕ ಕಲಿಯಬೇಕು. ಕಿಲೋಗೆ 600 ರೂಪಾಯಿ ಕೊಟ್ಟು ಬೀಜ ತಂದಿರಿ ಎಂದಿಟ್ಟುಕೊಳ್ಳಿ. ತೂಕ ಶೇ 17ರಷ್ಟು ಇಳಿದರೆ ಹುರಿದ ಬೀಜದ ಅಸಲು ಆಗಲೇ ಕಿಲೋಗೆ 723 ರೂಪಾಯಿ. ಗ್ಯಾಸು, ಪೊಟ್ಟಣ, ಸಾಗಣೆ, ಕೆಟ್ಟುಹೋದ ಬ್ಯಾಚು ಇನ್ನೂ ಸೇರಿಲ್ಲ. ನಿಮ್ಮ ಎರಡು ದಿನದ ಕೂಲಿಯೂ ಸೇರಿಲ್ಲ. ಆ ಕೂಲಿಯನ್ನು ಬಿಟ್ಟು ಬೆಲೆ ಕಟ್ಟಿದರೆ ಗಿರಾಕಿ ಹೆಚ್ಚಿದಷ್ಟೂ ದಣಿವು ಹೆಚ್ಚುತ್ತದೆ, ದುಡ್ಡು ಹೆಚ್ಚುವುದಿಲ್ಲ.

ಯಂತ್ರಕ್ಕೆ ಮೊದಲೇ ಸಾಲ ಮಾಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಲೆನಾಡಿನ ಮನೆಗಳಲ್ಲಿ ಕಾಫಿ ಹುರಿದಿದ್ದು ಕಬ್ಬಿಣದ ಬಾಣಲೆಯಲ್ಲಿ, ಒಲೆಯ ಮೇಲೆ ಕೈಯಲ್ಲಿ ತಿರುಗಿಸುವ ಡ್ರಮ್ಮಿನಲ್ಲಿ. ಗ್ಯಾಸ್ ಒಲೆಯ ಮೇಲೆ ಕೂರುವ ಒಂದು ಕಿಲೋದ ಡ್ರಮ್ಮು ಕೆಲಸ ಕಲಿಯಲು, ಮೊದಲ ಗಿರಾಕಿಗಳಿಗೆ ಕೊಡಲು ಸಾಕು. ಉಳಿದ ಹಣವನ್ನು ಒಳ್ಳೆಯ ತಕ್ಕಡಿಗೆ, ಥರ್ಮಾಮೀಟರಿಗೆ, ಪುಡಿ ಮಾಡುವ ಗ್ರೈಂಡರಿಗೆ ಹಾಕಿ. ಹೊಗೆ ಹೊರಗೆ ಹೋಗುವ ದಾರಿಗೂ ಖರ್ಚು ಮಾಡಲೇಬೇಕು. ಹುರಿಯುವ ಘಮ ಹಿತ, ಹೊಗೆ ಹಿತವಲ್ಲ. ಅಪಾರ್ಟ್‌ಮೆಂಟಿನ ಅಡುಗೆಮನೆ ಇದಕ್ಕೆ ಜಾಗವಲ್ಲ. ಉದುರಿದ ಸಿಪ್ಪೆಗೆ ಬೇಗ ಬೆಂಕಿ ಹತ್ತುತ್ತದೆ, ಹಾಗಾಗಿ ಪ್ರತಿ ಬ್ಯಾಚಿಗೂ ಗುಡಿಸಿ ತೆಗೆಯಬೇಕು.

ಹುರಿಯುವುದನ್ನು ಕಿವಿ, ಮೂಗುಗಳೇ ಕಲಿಸುತ್ತವೆ. ಹಸಿರು ಬೀಜ ಮೊದಲು ಹಳದಿಗೆ ತಿರುಗುತ್ತದೆ, ಆಗ ಒಣಹುಲ್ಲಿನ ವಾಸನೆ. ಕಂದು ಬಣ್ಣ ಹಿಡಿಯುವಾಗ ರೊಟ್ಟಿ ಬೇಯುವಂಥ ಘಮ. ಬೀಜದ ಕಾವು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಒಳಗಿನ ಆವಿಯ ಒತ್ತಡಕ್ಕೆ ಬೀಜ ಸಿಡಿದು ಚಟಪಟ ಸದ್ದಾಗುತ್ತದೆ. ಹುರಿಯುವವರು ಇದನ್ನು ಫಸ್ಟ್ ಕ್ರ್ಯಾಕ್ ಎನ್ನುತ್ತಾರೆ. ಇಲ್ಲಿಗೇ ಇಳಿಸಿದರೆ ಹುಳಿ, ಹಣ್ಣಿನ ರುಚಿ ಮುಂದಿರುತ್ತದೆ. ಹಾಲು ಬೆರೆಸುವ ನಮ್ಮ ಫಿಲ್ಟರ್ ಕಾಫಿಗೆ ಇನ್ನಷ್ಟು ಮುಂದೆ ಹೋಗಬೇಕು. ಕಾವು 225 ಡಿಗ್ರಿ ದಾಟುವ ಹೊತ್ತಿಗೆ ಎರಡನೇ ಸದ್ದು ಶುರುವಾಗುತ್ತದೆ, ಎಣ್ಣೆ ಮೇಲೆ ಮಿನುಗುತ್ತದೆ. ಅಲ್ಲಿಂದಾಚೆ ಕಹಿಯೇ ಉಳಿಯುವುದು. ಇಳಿಸಿದ ಮೇಲೂ ಬೀಜ ತನ್ನ ಕಾವಿನಲ್ಲೇ ಹುರಿಯುತ್ತಿರುತ್ತದೆ, ಆದ್ದರಿಂದ ಅಗಲವಾದ ಜರಡಿಗೆ ಸುರಿದು ಫ್ಯಾನಿನ ಗಾಳಿಗೆ ನಾಲ್ಕೈದು ನಿಮಿಷದೊಳಗೆ ಆರಿಸಬೇಕು. ಹಾಕಿದ ತೂಕ, ಸದ್ದು ಬಂದ ನಿಮಿಷ, ಇಳಿಸಿದ ನಿಮಿಷ, ಹೊರಬಂದ ತೂಕ ಇವಿಷ್ಟನ್ನು ಪುಸ್ತಕದಲ್ಲಿ ಬರೆದಿಡಿ. ಒಂದೇ ಬೀಜದ ತೂಕ ಕಳೆದ ವಾರ ಶೇ 15 ಇಳಿದು ಈ ವಾರ ಶೇ 18 ಇಳಿದಿದ್ದರೆ ರುಚಿ ಬೇರೆಯಾಗಿದೆ ಎಂದೇ ಅರ್ಥ, ಮತ್ತು ಗಿರಾಕಿಗೆ ಅದು ಮೊದಲ ಗುಟುಕಿನಲ್ಲೇ ತಿಳಿಯುತ್ತದೆ. ಬೆಂಗಳೂರಿನ ಕಾಫಿ ಮಂಡಳಿ ನಡೆಸುವ ‘ಕಾಪಿ ಶಾಸ್ತ್ರ’ ತರಬೇತಿಯಲ್ಲಿ ಹುರಿಯುವುದನ್ನೂ ಕಾಫಿ ಮಾಡುವುದನ್ನೂ ಕಲಿಸುತ್ತಾರೆ. ಮೊದಲ ಖರ್ಚು ಅದಕ್ಕಾಗಲಿ.

ಬೀಜ ಎಲ್ಲಿಂದ ತರುವುದು? ಇಲ್ಲಿ ಕನ್ನಡಿಗರಷ್ಟು ಭಾಗ್ಯವಂತರು ದೇಶದಲ್ಲಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಆದರೆ ಮೊದಲು ಅದನ್ನು ತೋಟದಿಂದ ನೇರವಾಗಿ ಕೊಳ್ಳುವಂತಿರಲಿಲ್ಲ: 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ಮನೆಬಳಕೆಗೆ, ಬಿತ್ತನೆಗೆ ಬೇಕಾದಷ್ಟನ್ನು ಬಿಟ್ಟು ಉಳಿದ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಒಟ್ಟು ಸಂಗ್ರಹವಾದ ಪೂಲ್‌ಗೆ ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಗಿ ಕೊನೆಗೆ ಹೋಯಿತು. ಇವತ್ತು ಮೂಡಿಗೆರೆಯ ಸಣ್ಣ ತೋಟದವರಿಂದ ಒಂದೇ ಚೀಲ ಕೊಳ್ಳಬಹುದಾದರೆ ಆ ಬದಲಾವಣೆಯೇ ಕಾರಣ. ಪಾರ್ಚ್‌ಮೆಂಟ್ (ಹೊಟ್ಟು ತೆಗೆಯದ ಬೀಜ) ಕೊಳ್ಳಬೇಡಿ, ಅದರ ಹೊಟ್ಟು ತೆಗೆಯುವುದು ಕ್ಯೂರಿಂಗ್ ವರ್ಕ್ಸ್‌ನ ಕೆಲಸ. ಕ್ಯೂರಿಂಗ್ ಆಗಿ ದರ್ಜೆವಾರು ವಿಂಗಡಿಸಿದ ಅರೇಬಿಕಾದ ಪ್ಲಾಂಟೇಷನ್ ಎ, ಪೀಬೆರಿ, ಕಾಫಿಯ ಗಟ್ಟಿತನಕ್ಕೆ ಒಂದಿಷ್ಟು ರೊಬಸ್ಟಾ ಇದ್ದರೆ ಶುರುಮಾಡಬಹುದು. ಗಾತ್ರ ಒಂದೇ ಸಮ ಇರುವ ಬೀಜ ಒಂದೇ ಸಮ ಹುರಿಯುತ್ತದೆ, ದರ್ಜೆಗೆ ದುಡ್ಡು ಕೊಡುವುದು ಅದಕ್ಕಾಗಿ. ಒಂದೇ ಸಲ ಬಹಳ ಕೊಂಡಿಡುವುದು ಅಪಾಯ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟಿದ್ದರಿಂದ 2024ರಲ್ಲಿ ಬೆಲೆ ಹೇಗೆ ನೆಗೆಯಿತು ಎಂಬುದನ್ನು ಕಂಡವರಿಗೆ ಕೊಂಡಿಡುವ ಆಸೆ ಹುಟ್ಟೀತು, ಆದರೆ ಏರಿದ್ದು ಇಳಿಯಲೂ ಬಹುದು.

ಕಾಫಿಪುಡಿಗೆ ಬೆರೆಸುವ ಚಿಕೋರಿಯ ಬಗ್ಗೆ ನಾಚಿಕೆ ಬೇಡ, ಮುಚ್ಚುಮರೆಯೂ ಬೇಡ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಹಾಕಲೇಬೇಕು. ಮನೆಯಿಂದ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಸಣ್ಣ ವ್ಯಾಪಾರಕ್ಕೆ ಅದರ ಶುಲ್ಕ ದೊಡ್ಡದೇನಲ್ಲ.

ಸಣ್ಣವರು ದೊಡ್ಡ ಕಂಪನಿಯ ಎದುರು ಬೆಲೆಯಲ್ಲಿ ಗೆಲ್ಲಲಾರರು. ಗೆಲ್ಲುವುದು ತಾಜಾತನದಲ್ಲಿ. ಹುರಿದ ಬೀಜ ಕೆಲವು ದಿನ ಅನಿಲ ಬಿಡುತ್ತಿರುತ್ತದೆ, ಅದಕ್ಕೇ ಗಾಳಿ ಹೊರಹೋಗುವ ವಾಲ್ವ್ ಇರುವ ಪೊಟ್ಟಣ ಬೇಕು. ಪುಡಿ ಮಾಡಿದ ಮೇಲಂತೂ ಘಮ ದಿನದಿನಕ್ಕೂ ಕಡಿಮೆಯಾಗುತ್ತದೆ. ಬೀದಿಯ ಕಾಫಿಪುಡಿ ಅಂಗಡಿಯವರು ಕಣ್ಣೆದುರೇ ಬೀಸಿ, ಬೆಚ್ಚಗಿನ ಪೊಟ್ಟಣ ಕೈಗಿಡುತ್ತಿದ್ದರು. ಆ ಅಂಗಡಿಗಳು ಮುಚ್ಚಿದ ಬಡಾವಣೆಗಳಲ್ಲಿ ಜನ ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಪುಡಿ ಕುಡಿಯುತ್ತಿದ್ದಾರೆ. ಕಾಫಿ ಬೆಳೆಯುವ ನಾಡಿನಲ್ಲಿ ಇದು ನನಗೆ ನಿಜಕ್ಕೂ ನೋವಿನ ಸಂಗತಿ. ವಾರಾಂತ್ಯದ ಹುರಿಗಾರ ತುಂಬಬಹುದಾದ ಜಾಗ ಇದೇ. ಗುರುವಾರದೊಳಗೆ ಆರ್ಡರ್ ಪಡೆಯಿರಿ, ಶನಿವಾರ ಅಷ್ಟನ್ನೇ ಹುರಿಯಿರಿ, ಭಾನುವಾರ ಬೀಸಿ ಮುಟ್ಟಿಸಿ. ಪೊಟ್ಟಣದ ಮೇಲೆ ತೋಟದ ಊರು, ತಳಿ, ಹುರಿದ ದಿನಾಂಕ ಇರಲಿ. ಎಸ್. 795 ಎಂಬ ತಳಿಯ ಹೆಸರು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ದಶಕಗಳಿಂದ ನಮ್ಮ ತೋಟಗಳ ಮುಖ್ಯ ಅರೇಬಿಕಾ ಅದು. ಅದರ ಹೆಸರು ಹೇಳಿ ಕಾಫಿ ಕೇಳುವ ಗಿರಾಕಿ ಹುಟ್ಟಿದಾಗ ದೊಡ್ಡ ಯಂತ್ರದ ಮಾತಾಡೋಣ.