ಒಂದೇ ಹಸು, ಮೂರು ವರ್ಷದ ಓದು

ಕಳೆದ ತಿಂಗಳು ಒಂದು ಮನೆಯಲ್ಲಿ ಹಸುವಿಗೆ ಚಿಕಿತ್ಸೆ ಕೊಟ್ಟು ಕೈ ತೊಳೆಯುತ್ತಿದ್ದೆ. ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಆ ಮನೆಯ ಸೊಸೆ ಮೆಲ್ಲಗೆ ಕೇಳಿದರು: "ಮೇಡಂ, ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಿದೀನಿ. ಪ್ರತಿ ಸಲ ಫೀಸಿಗೆ ಮನೇಲಿ ಕೈಚಾಚೋಕೆ ಮನಸ್ಸು ಬರಲ್ಲ. ಸಾಲ ಮಾಡಿ ಇನ್ನೊಂದು ಹಸು ಕಟ್ಟಲಾ?"

"ಈಗ ಬೇಡಮ್ಮ" ಎಂದೆ. ಅವರ ಮುಖ ಸಪ್ಪಗಾಯಿತು. ಯಾಕೆ ಬೇಡ ಎಂದೆ ಎನ್ನುವುದನ್ನು ಅವರಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ. ಮಗು ನೋಡಿಕೊಳ್ಳುತ್ತಾ ಮನೆಯಲ್ಲೇ ಕೂತು ಓದುತ್ತಿರುವ ತಾಯಂದಿರು ನಮ್ಮ ಸಂಘಗಳಲ್ಲಿ ಈಗ ಬಹಳ ಮಂದಿ ಇದ್ದೀರಿ.

ನಿಮ್ಮ ಹತ್ತಿರ ಇಲ್ಲದಿರುವುದು ಹಣ ಮಾತ್ರವಲ್ಲ, ಹೊತ್ತು ಕೂಡ. ಎರಡನೇ ಹಸು ಬಂದರೆ ಮೊದಲು ಹೋಗುವುದು ಓದುವ ಹೊತ್ತು. ಆದ್ದರಿಂದ ಈಗಿರುವ ಹಸುವಿನಲ್ಲಿ ಸೋರಿಹೋಗುತ್ತಿರುವ ಹಣವನ್ನು ಮೊದಲು ಹಿಡಿಯೋಣ.

ಮೊದಲು ಲೆಕ್ಕ

ದಿನಕ್ಕೆ 10 ಲೀಟರ್ ಕೊಡುವ ಮಿಶ್ರತಳಿ ಹಸು ಎಂದುಕೊಳ್ಳಿ. ಮನೆಗೆ 1 ಲೀಟರ್ ಇಟ್ಟುಕೊಂಡು 9 ಲೀಟರ್ ಡೈರಿಗೆ ಹಾಕುತ್ತೀರಿ. ಲೆಕ್ಕಕ್ಕೆ ಸುಲಭವಾಗಲೆಂದು ಲೀಟರಿಗೆ 35 ರೂಪಾಯಿ, ಪಶು ಆಹಾರ ಕಿಲೋಗೆ 28 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಸಂಘದ ದರ ಹಾಕಿ ನೀವೇ ತಿದ್ದಿಕೊಳ್ಳಿ. ಹಾಲಿನಿಂದ ದಿನಕ್ಕೆ 315 ರೂಪಾಯಿ. ಹಸುವಿನ ಮೈಗೆ ಒಂದೂವರೆ ಕಿಲೋ, ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕಿಲೋ ಎಂದರೆ ಒಟ್ಟು ಐದೂವರೆ ಕಿಲೋ ಪಶು ಆಹಾರ, 154 ರೂಪಾಯಿ. ಒಣಮೇವು, ಖನಿಜ ಮಿಶ್ರಣ, ಔಷಧಿಗೆ 50 ತೆಗೆದಿಡಿ. ಹಸಿಮೇವು ನಿಮ್ಮದೇ ಆದರೆ ಉಳಿಯುವುದು 111 ರೂಪಾಯಿ. ನಿಮ್ಮ ದುಡಿಮೆಯ ಕೂಲಿಯೂ ಅದರಲ್ಲೇ ಬಂತು.

ಇದರ ಮೇಲೆ ರಾಜ್ಯ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವಿದೆ. 9 ಲೀಟರಿಗೆ ದಿನಕ್ಕೆ 45, ತಿಂಗಳಿಗೆ 1,350 ರೂಪಾಯಿ. ಬಟವಾಡೆಯ ಹಣ ಮನೆ ಖರ್ಚಿಗೆ ಹೋಗಲಿ. ಪ್ರೋತ್ಸಾಹಧನವನ್ನು ಓದಿಗೆಂದು ಮುಟ್ಟದೆ ಬಿಡಿ. ಅದು ತಡವಾಗಿ, ಒಟ್ಟಿಗೆ ಬಂದರೂ ಫೀಸು ಕಟ್ಟುವವರಿಗೆ ಒಳ್ಳೆಯದೇ.

ಆದರೆ ಈ ಹಣ ಬರುವುದು ಹಾಲು ಯಾರ ಹೆಸರಿನಲ್ಲಿದೆಯೋ ಅವರ ಬ್ಯಾಂಕ್ ಖಾತೆಗೆ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುವವರು ನೀವು, ಪಾಸ್‌ಬುಕ್ಕಿನಲ್ಲಿರುವ ಹೆಸರು ಇನ್ನೊಬ್ಬರದು ಎಂಬ ಮನೆಗಳು ಎಷ್ಟೋ ಇವೆ. ನಿಮ್ಮ ಹೆಸರಿನಲ್ಲಿ ಸದಸ್ಯತ್ವಕ್ಕೆ ಏನು ಬೇಕೆಂದು ಕಾರ್ಯದರ್ಶಿಯವರನ್ನು ಕೇಳಿ. ಜಗಳ ಬೇಡ, "ಓದಿನ ಖರ್ಚನ್ನು ನಾನೇ ನೋಡಿಕೊಳ್ತೀನಿ" ಎಂದು ಅತ್ತೆ-ಮಾವನವರ ಮುಂದೆ ಲೆಕ್ಕ ಇಟ್ಟು ಹೇಳಿ.

ಹಣ ಸೋರುವ ಜಾಗಗಳು

ತಪ್ಪಿದ ಬೆದೆ: ಒಂದು ಬೆದೆ ತಪ್ಪಿದರೆ ಇನ್ನೊಂದಕ್ಕೆ ಸುಮಾರು 21 ದಿನ ಕಾಯಬೇಕು. ಮುಂದಿನ ಕರು ಅಷ್ಟೇ ತಡವಾಗುತ್ತದೆ, ಬತ್ತಿದ ಹಸುವಿಗೆ ಅಷ್ಟು ದಿನ ಸುಮ್ಮನೆ ಮೇವು ಹಾಕಬೇಕು. ಮೇಲಿನ ದರದಲ್ಲೇ ಮೇವಿನ ಖರ್ಚೊಂದೇ 2 ಸಾವಿರದ ಹತ್ತಿರ. ಬೆದೆಯ ಲಕ್ಷಣ ರಾತ್ರಿ ಮತ್ತು ನಸುಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಮಗು ಮಲಗಿದ ಮೇಲೆ ನೀವು ಪುಸ್ತಕ ಹಿಡಿಯುವ ಹೊತ್ತೂ ಅದೇ. ಓದಲು ಕೂರುವ ಮುಂಚೆ ಒಮ್ಮೆ, ಮುಗಿಸಿದ ಮೇಲೆ ಒಮ್ಮೆ ಕೊಟ್ಟಿಗೆಗೆ ಇಣುಕಿ. ಕೂಗಾಟ, ಪಾರದರ್ಶಕ ಲೋಳೆ, ಪದೇಪದೇ ಉಚ್ಚೆ ಕಂಡರೆ ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಖು ಬರೆಯಿರಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ.

ನೀರು: ಕರೆಯುವ ಹಸುವಿಗೆ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಬೇಕು. ಎರಡು ಹೊತ್ತು ಬಕೆಟ್ಟಿನಲ್ಲಿ ತೋರಿಸಿದರೆ ಸಾಲದು. ಗೋದಲಿಯ ಪಕ್ಕ ಸದಾ ನೀರಿರುವ ತೊಟ್ಟಿ ಇಟ್ಟರೆ ಹಾಲು ಕಡಿಮೆಯಾಗುವುದಿಲ್ಲ, ನಿಮ್ಮ ಓಡಾಟವೂ ಉಳಿಯುತ್ತದೆ.

ಮೇವು: ನೀರಾವರಿ ಇದ್ದರೆ ಮನೆಯ ಹತ್ತಿರ ಎರಡು-ಮೂರು ಗುಂಟೆಯಲ್ಲಿ ಕೋ-4 ನೇಪಿಯರ್ ನಾಟಿ ಮಾಡಿ. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಮ್ಮೆ. ಹುಲ್ಲಿಗಾಗಿ ಬದು ಸುತ್ತುವ ಗಂಟೆ ಓದಿಗೆ ಸಿಗುತ್ತದೆ.

ಕೆಚ್ಚಲುಬಾವು: ಕರೆಯುವ ಮುಂಚೆ ಪ್ರತಿ ಮೊಲೆಯ ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಗರಣೆ ಕಂಡರೆ ಅಂದೇ ನಮಗೆ ತಿಳಿಸಿ. ಚುಚ್ಚುಮದ್ದು ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬೇಡಿ, ಮಗುವಿಗೂ ಕೊಡಬೇಡಿ.

ಹೆಣ್ಣು ಕರು ನಿಮ್ಮ ಜೊತೆಗಾತಿ

ಎರಡನೇ ಹಸು ಬೇಕೇ ಬೇಕೆಂದರೆ ಅದನ್ನು ಕೊಳ್ಳಬೇಡಿ, ಸಾಕಿ. ಹುಟ್ಟಿದ ಮೊದಲ ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ವೈದ್ಯರ ಸಲಹೆಯಂತೆ ಜಂತುನಾಶಕ ಹಾಕಿಸಿ. ಹೆಣ್ಣು ಕರುವಿಗೆ 4ರಿಂದ 8 ತಿಂಗಳ ನಡುವೆ ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆ ಒಮ್ಮೆ ಹಾಕಿಸಿದರೆ ಸಾಕು. ಚೆನ್ನಾಗಿ ಮೇಯಿಸಿದ ಮಿಶ್ರತಳಿ ಕಡಸು ಒಂದೂವರೆ ವರ್ಷದ ಹೊತ್ತಿಗೆ 250 ಕಿಲೋ ತೂಗಿ ಗರ್ಭಧಾರಣೆಗೆ ತಯಾರಾಗುತ್ತದೆ. ಗಬ್ಬದ ಒಂಬತ್ತು ತಿಂಗಳು ಸೇರಿಸಿ ನೋಡಿ: ನೀವು ಮೊದಲ ವರ್ಷಕ್ಕೆ ಸೇರಿದಾಗ ಹುಟ್ಟಿದ ಕರು ನೀವು ಕೊನೆಯ ವರ್ಷದಲ್ಲಿರುವಾಗ ಕರು ಹಾಕುತ್ತದೆ. ಸಾಲವಿಲ್ಲ, ಮಗುವೂ ಅಷ್ಟು ಹೊತ್ತಿಗೆ ಅಂಗನವಾಡಿಗೆ ಹೋಗುತ್ತಿರುತ್ತದೆ.

ಪರೀಕ್ಷೆಯ ದಿನಗಳು

ಕರೆಯುವ ಕೈ ಥಟ್ಟನೆ ಬದಲಾದರೆ ಹಸು ಹಾಲು ಬಿಡುವುದಿಲ್ಲ. ಪರೀಕ್ಷೆಗೆ ಒಂದು ವಾರ ಮುಂಚೆಯೇ ಅತ್ತೆಯವರೋ ಯಜಮಾನರೋ ನಿಮ್ಮ ಜೊತೆ ಕೂತು ಕರೆಯಲಿ. ಪಶು ಆಹಾರದ ಅಳತೆ ಡಬ್ಬಿಗೆ ಗೆರೆ ಹಾಕಿಡಿ. ಕರು ಹಾಕುವ ದಿನ ಪರೀಕ್ಷೆಯ ಹತ್ತಿರ ಬರುತ್ತದೆಯೇ ಎಂದು ಮೊದಲೇ ನೋಡಿ. ಗರ್ಭಧಾರಣೆಯ ತಾರೀಖಿಗೆ 280 ದಿನ ಕೂಡಿಸಿದರೆ ತಿಳಿಯುತ್ತದೆ.

ಇನ್ನೊಂದು ಮಾತು. ನೀವು ಗರ್ಭಿಣಿಯಾಗಿದ್ದರೆ ಕಂದು ಹಾಕಿದ ಹಸುವಿನ ಮಾಸು, ಸತ್ತ ಕರುವನ್ನು ಮುಟ್ಟಲೇಬೇಡಿ. ಅದರಿಂದ ಮನುಷ್ಯರಿಗೂ ರೋಗ ಬರುತ್ತದೆ. ನಮ್ಮನ್ನು ಕರೆಯಿರಿ. ಮನೆಯಲ್ಲಿ ಹಾಲನ್ನು ಕಾಯಿಸಿಯೇ ಬಳಸಿ.

ಆ ಸೊಸೆ ಹಸು ಕೊಳ್ಳಲಿಲ್ಲ. ಮೊನ್ನೆ ಹೋದಾಗ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಎರಡು ತಾರೀಖು ಬರೆದಿದ್ದರು: ಒಂದು ಹಸುವಿನ ಮುಂದಿನ ಬೆದೆಯದು, ಇನ್ನೊಂದು ಫೀಸು ಕಟ್ಟುವ ಕೊನೆಯ ದಿನ. ನೀವೂ ಈ ವಾರ ಅಷ್ಟು ಮಾಡಿ. ಮುಂದಿನ ಸಲ ನಿಮ್ಮ ಊರಿಗೆ ಬಂದಾಗ ಆ ಗೋಡೆ ತೋರಿಸಿ, ಲೆಕ್ಕ ಕೂಡಿ ನೋಡೋಣ.