ಆಟದ ನಡುವೆ ಮಾತು, ಡ್ರಾ ಪ್ರಸ್ತಾವ

ಸ್ಪರ್ಧಾತ್ಮಕ ಚೆಸ್‌ನಲ್ಲಿ ಎದುರಾಳಿಯ ಗಮನ ಕೆಡಿಸುವ ಮಾತು ನಿಷಿದ್ಧ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮನೆಕಟ್ಟೆಗಳ ಮೇಲೆ ಆಡಿ ಕಲಿತ ಮಕ್ಕಳಿಗೆ ಟೂರ್ನಿಯಲ್ಲಿ ಹೊಸದೆನಿಸುವುದು ಈ ಮೌನವೇ. ಮನೆಯಲ್ಲಿ ‘ಚೆಕ್’ ಎಂದು ಕೂಗುವುದು ವಾಡಿಕೆ. ಅಂತರರಾಷ್ಟ್ರೀಯ ಒಕ್ಕೂಟ ಫಿಡೆಯ ನಿಯಮದಲ್ಲಿ ಅದು ಕಡ್ಡಾಯವಲ್ಲ. ಓರೆಯಾಗಿ ನಿಂತ ಕಾಯಿಯನ್ನು ನೆಟ್ಟಗೆ ಮಾಡುವಾಗ ಮಾತ್ರ ‘ಸರಿಪಡಿಸುತ್ತೇನೆ’ ಎಂದು ಮೊದಲೇ ಹೇಳಬೇಕು. ಹೇಳದೆ ಮುಟ್ಟಿದರೆ ಆ ಕಾಯಿಯನ್ನೇ ನಡೆಸಬೇಕಾದೀತು.

ಡ್ರಾ ಕೇಳುವುದಕ್ಕೆ ಕ್ರಮವಿದೆ: ಮೊದಲು ತನ್ನ ನಡೆ, ಆಮೇಲೆ ಮಾತು, ಕೊನೆಗೆ ಗಡಿಯಾರ ಒತ್ತುವುದು. ಎದುರಾಳಿ ಯೋಚಿಸುತ್ತಿರುವಾಗ ಕೇಳಿದರೂ ಪ್ರಸ್ತಾವ ಊರ್ಜಿತವೇ, ಆದರೆ ಅದನ್ನು ತೊಂದರೆಯೆಂದು ಪರಿಗಣಿಸಬಹುದು. ಷರತ್ತು ಹಾಕುವಂತಿಲ್ಲ, ಹಿಂತೆಗೆಯುವಂತಿಲ್ಲ. ಎದುರಾಳಿ ಬಾಯಿಮಾತಿನಲ್ಲಿ ಬೇಡವೆಂದರೆ ಅಥವಾ ನಡೆಸಲೆಂದು ಕಾಯಿ ಮುಟ್ಟಿದರೆ ಪ್ರಸ್ತಾವ ಬಿದ್ದುಹೋಗುತ್ತದೆ. ಇಬ್ಬರೂ ನಡೆ ಬರೆಯುವ ಹಾಳೆಯಲ್ಲಿ (=) ಗುರುತು ಹಾಕಬೇಕು. ಪದೇಪದೇ ಕೇಳಿದರೆ ಆರ್ಬಿಟರ್ (ತೀರ್ಪುಗಾರ) ಎಚ್ಚರಿಸಬಹುದು, ಎದುರಾಳಿಗೆ ಹೆಚ್ಚುವರಿ ಸಮಯ ಕೊಡಬಹುದು. ಸೋಲಿನ ಭಯದಲ್ಲಿ ಎಳೆಯರು ಮಾಡುವ ತಪ್ಪಿದು. ತರಬೇತುದಾರರು ಈ ನಿಯಮಗಳನ್ನು ಓಪನಿಂಗ್‌ಗಳಿಗಿಂತ ಮೊದಲೇ ತಿಳಿಸಿಕೊಡಬೇಕು.

ಒಂದೇ ಸ್ಥಿತಿ ಮೂರು ಸಲ ಬಂದರೆ, ಅಥವಾ ಪದಾತಿ ಕದಲದೆ, ಕಾಯಿ ಬೀಳದೆ ಇಬ್ಬರೂ 50 ನಡೆ ಕಳೆದರೆ ಎದುರಾಳಿಯ ಒಪ್ಪಿಗೆ ಬೇಕಿಲ್ಲ. ಆರ್ಬಿಟರ್ ಬಳಿ ಡ್ರಾ ಕೋರಬಹುದು.

ಡ್ರಾ ಅತಿಯಾದರೆ ಪಂದ್ಯವೇ ಮುಗಿಯದೆ ಹೋಗಬಹುದು: 1984–85ರ ಕಾರ್ಪೊವ್–ಕಾಸ್ಪರೋವ್ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ 48 ಆಟಗಳಲ್ಲಿ 40 ಡ್ರಾ ಆಗಿ, ಪಂದ್ಯ ಫಲಿತಾಂಶವಿಲ್ಲದೆ ನಿಂತಿತು. 2005ರಲ್ಲಿ ಸೋಫಿಯಾದ ಟೂರ್ನಿ ಆಟಗಾರರು ನೇರವಾಗಿ ಡ್ರಾ ಕೇಳುವುದನ್ನೇ ತಡೆಯಿತು. ಇಂತಿಷ್ಟು ನಡೆಗೆ ಮುನ್ನ ಪರಸ್ಪರ ಒಪ್ಪಿ ಡ್ರಾ ಮಾಡಿಕೊಳ್ಳುವಂತಿಲ್ಲ ಎಂದು ವಿಧಿಸುವ ಅಧಿಕಾರ ಈಗ ಆಯೋಜಕರಿಗಿದೆ.