ಹಲವು ಶಾಲೆ, ಒಂದೇ ಮಂಡಳಿ: ಹೊಣೆ ಯಾರದು?

ಇಗರ್ಜಿಯ ಪಕ್ಕದಲ್ಲಿರುವ ಶಾಲೆಯನ್ನು ‘ನಮ್ಮ ಶಾಲೆ’ ಎಂದು ಕರೆಯುವುದು ಕರಾವಳಿಯ ಕಥೊಲಿಕ ಕುಟುಂಬಗಳ ರೂಢಿ. ಹಿರಿಯರು ಹಣ ಕೂಡಿಸಿ, ಮೈಮುರಿದು ದುಡಿದು ಕಟ್ಟಿಸಿದ ಶಾಲೆಯ ಮೇಲೆ ಈ ಮಮತೆ ಸಹಜವೇ ಆಗಿದೆ. ಆದರೆ ಮಕ್ಕಳ ಸಂಖ್ಯೆ ಇಳಿದು ಕನ್ನಡ ಮಾಧ್ಯಮದ ತರಗತಿಯನ್ನು ಮುಚ್ಚುವ ಮಾತು ಬಂದಾಗ, ನೆಚ್ಚಿನ ಶಿಕ್ಷಕಿಗೆ ವರ್ಗವಾದಾಗ ಅಥವಾ ಶುಲ್ಕ ಏರಿದಾಗ, ‘ಇದನ್ನು ನಿರ್ಧರಿಸಿದವರು ಯಾರು? ನಾವು ಯಾರನ್ನು ಕೇಳಬೇಕು?’ ಎಂಬ ಪ್ರಶ್ನೆಗೆ ನಮ್ಮಲ್ಲಿ ಅನೇಕರಿಗೆ ಉತ್ತರ ತಿಳಿದಿರುವುದಿಲ್ಲ. ಉತ್ತರ ತಿಳಿಯದೆ ಹೋದಾಗ ಗೊಣಗಾಟ ಹುಟ್ಟುತ್ತದೆ. ಗೊಣಗಾಟದಿಂದ ಶಾಲೆಗಳು ಉದ್ಧಾರವಾದ ನಿದರ್ಶನವಿಲ್ಲ.

ಮೂರು ಮೆಟ್ಟಿಲುಗಳು

ಮಂಗಳೂರು ಧರ್ಮಪ್ರಾಂತ್ಯದಲ್ಲಿ ಧರ್ಮಕೇಂದ್ರಗಳ ಶಾಲೆಗಳು ಬಿಡಿಬಿಡಿಯಾದ ಸಂಸ್ಥೆಗಳಲ್ಲ. ಅವು ಕಥೊಲಿಕ ಶಿಕ್ಷಣ ಮಂಡಳಿಯೆಂಬ ಒಂದೇ ಆಡಳಿತಕ್ಕೆ ಸೇರಿದವು. ಧರ್ಮಾಧ್ಯಕ್ಷರು ಮಂಡಳಿಯ ಅಧ್ಯಕ್ಷರು, ಧರ್ಮಗುರುಗಳೊಬ್ಬರು ಕಾರ್ಯದರ್ಶಿ. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾದ ಬಳಿಕ ಅಲ್ಲಿನ ಶಾಲೆಗಳ ಹೊಣೆಯನ್ನು ಆ ಧರ್ಮಪ್ರಾಂತ್ಯದ ಶಿಕ್ಷಣ ಸಂಸ್ಥೆ ವಹಿಸಿಕೊಂಡಿತು.

ಸ್ಥೂಲವಾಗಿ ಹೇಳುವುದಾದರೆ, ಶಿಕ್ಷಕರ ನೇಮಕ, ವರ್ಗಾವಣೆ, ಶಿಸ್ತು ಕ್ರಮ ಹಾಗೂ ಎಲ್ಲ ಶಾಲೆಗಳಿಗೂ ಅನ್ವಯಿಸುವ ಧೋರಣೆಗಳು ಮಂಡಳಿಗೆ ಸೇರಿದ ವಿಷಯಗಳು. ಧರ್ಮಕೇಂದ್ರದ ಗುರುಗಳು ಶಾಲೆಯ ಸಂಚಾಲಕರಾಗಿ ಕಟ್ಟಡ, ದುರಸ್ತಿ ಮತ್ತು ಸ್ಥಳೀಯ ಹಣಕಾಸನ್ನು ನೋಡಿಕೊಳ್ಳುತ್ತಾರೆ. ಪಾಠ, ಪರೀಕ್ಷೆ, ಹಾಜರಿ, ಮಕ್ಕಳ ನಡೆನುಡಿ ಇವು ಮುಖ್ಯೋಪಾಧ್ಯಾಯರ ಕ್ಷೇತ್ರ. ತರಗತಿಯ ದೂರನ್ನು ನೇರವಾಗಿ ಧರ್ಮಾಧ್ಯಕ್ಷರ ನಿವಾಸಕ್ಕೆ ಒಯ್ಯುವುದು ಎಷ್ಟು ಅನುಚಿತವೋ, ಸಂಚಾಲಕರು ಪಾಠದ ವಿಷಯದಲ್ಲಿ ದಿನನಿತ್ಯ ಕೈಹಾಕುವುದೂ ಅಷ್ಟೇ ಅನುಚಿತ.

ಧಾರ್ಮಿಕ ಸಭೆಗಳ ಶಾಲೆಗಳ ವ್ಯವಸ್ಥೆಯೇ ಬೇರೆ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಮೊದಲಾದ ಯೇಸುಸಭೆಯ ಸಂಸ್ಥೆಗಳನ್ನು ಆ ಸಭೆಯವರದೇ ಶಿಕ್ಷಣ ಸಂಸ್ಥೆ ನಡೆಸುತ್ತದೆ. ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರ ಶಾಲೆಗಳ ಆಡಳಿತವೂ ಆ ಸಭೆಯದೇ. ಆದರೂ ಧರ್ಮಪ್ರಾಂತ್ಯದೊಳಗಿನ ಎಲ್ಲ ಕಥೊಲಿಕ ಶಾಲೆಗಳನ್ನು ಸಂದರ್ಶಿಸಿ ಮೇಲ್ವಿಚಾರಿಸುವ ಹಕ್ಕು ಧರ್ಮಾಧ್ಯಕ್ಷರಿಗಿದೆಯೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 806ನೇ ವಿಧಿ ಹೇಳುತ್ತದೆ.

ಒಗ್ಗಟ್ಟಿನ ಬಲ, ದೂರದ ಭಯ

ಹಲವು ಶಾಲೆಗಳನ್ನು ಒಂದೇ ಮಂಡಳಿಯ ಕೆಳಗೆ ತರುವುದರ ಪ್ರಯೋಜನ ಸಣ್ಣದಲ್ಲ. ಒಂದು ಕಡೆ ಮಕ್ಕಳು ಕಡಿಮೆಯಾಗಿ ಶಿಕ್ಷಕರು ಹೆಚ್ಚಾದರೆ, ಅದೇ ಆಡಳಿತದ ಇನ್ನೊಂದು ಶಾಲೆಯಲ್ಲಿ ಅವರಿಗೆ ಸ್ಥಾನ ದೊರಕಿಸಬಹುದು. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಉಳಿಯುವಾಗ ಇದು ದೊಡ್ಡ ಆಸರೆ. ಒಂಟಿ ಶಾಲೆಗೆ ನಿಭಾಯಿಸಲಾಗದ ನ್ಯಾಯಾಲಯದ ವ್ಯವಹಾರವನ್ನೂ ಇಲಾಖೆಯೊಡನೆ ನಡೆಸಬೇಕಾದ ಪತ್ರವ್ಯವಹಾರವನ್ನೂ ಮಂಡಳಿ ಹೊರಬಲ್ಲುದು. ಪಟ್ಟಣದ ತುಂಬಿದ ಶಾಲೆ ಹಳ್ಳಿಯ ಬಡ ಶಾಲೆಗೆ ಹೆಗಲು ಕೊಡಲು ಸಾಧ್ಯವಾಗುವುದೂ ಒಂದೇ ಮನೆಯವರೆಂಬ ಭಾವವಿದ್ದಾಗಲೇ.

ಅದೇ ವ್ಯವಸ್ಥೆಯ ಅಪಾಯವೆಂದರೆ ದೂರ. ಊರಿನ ಶಾಲೆಯ ಭವಿಷ್ಯ ಊರಿನವರಿಗೆ ತಿಳಿಯದಂತೆ ತೀರ್ಮಾನವಾದೀತೆಂಬ ಭಯಕ್ಕೆ ಅವಕಾಶವಿದೆ. ಸಂಚಾಲಕರಾದ ಗುರುಗಳು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತಾರೆ. ಶಾಲೆಯ ಹಿಂದುಮುಂದು ಬಲ್ಲವರು ಹಳೆಯ ಶಿಕ್ಷಕರೂ ಹೆತ್ತವರೂ ಮಾತ್ರ. ಅವರ ಮಾತು ಮೇಲಿನ ಮೆಟ್ಟಿಲನ್ನು ತಲುಪುವ ದಾರಿ ಇಲ್ಲವಾದರೆ ಮಂಡಳಿ ಎಷ್ಟೇ ಸದುದ್ದೇಶದಿಂದ ತೀರ್ಮಾನಿಸಿದರೂ ಅದು ಹೊರಗಿನಿಂದ ಬಂದ ಆಜ್ಞೆಯಂತೆ ತೋರುತ್ತದೆ.

ಹಕ್ಕಿನೊಡನೆ ಹೊಣೆ

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. ಆದರೆ ಆಡಳಿತ ನಡೆಸುವ ಹಕ್ಕಿನಲ್ಲಿ ಕೆಟ್ಟ ಆಡಳಿತ ನಡೆಸುವ ಹಕ್ಕು ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ 1958ರಷ್ಟು ಹಿಂದೆಯೇ ಸ್ಪಷ್ಟಪಡಿಸಿತು. ನಮ್ಮ ರಾಜ್ಯದ 1983ರ ಶಿಕ್ಷಣ ಕಾಯಿದೆಯೂ, ವಜಾಗೊಂಡ ಶಿಕ್ಷಕರು ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯ ಮೊರೆಹೋಗಲು ಅವಕಾಶ ಕಲ್ಪಿಸಿದೆ.

ಹೆತ್ತವರ ವಿಷಯದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲಾ ಸಮಿತಿಗಳಲ್ಲಿ ಹೆತ್ತವರಿಗೆ ಬಹುಸಂಖ್ಯೆಯ ಸ್ಥಾನ ಕೊಟ್ಟಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಅಲ್ಪಸಂಖ್ಯಾತ ಶಾಲೆಗಳನ್ನು ಈ ಕಾಯಿದೆಯಿಂದ ಹೊರಗಿಟ್ಟಿತು. ಆ ತೀರ್ಪನ್ನು ಮರುಪರಿಶೀಲಿಸಬೇಕೇ ಎಂಬ ಪ್ರಶ್ನೆಯನ್ನು 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ಕಾನೂನಿನ ಗತಿ ಏನೇ ಇರಲಿ, ಸರಕಾರ ಬಲವಂತಪಡಿಸದ ಕಡೆ ಹೆತ್ತವರಿಗೆ ದನಿ ಕೊಡುವ ಹೊಣೆ ಆಡಳಿತದ ಆತ್ಮಸಾಕ್ಷಿಯ ಮೇಲೆಯೇ ಬೀಳುತ್ತದೆ. ವಿನಾಯಿತಿಯು ಮೌನಕ್ಕೆ ನೆಪವಾಗಕೂಡದು.

ಧರ್ಮಸಭೆಯ ಕಾನೂನೇ ಇಲ್ಲಿ ನಮಗೆ ದಾರಿ ತೋರುತ್ತದೆ. ಧರ್ಮಸಭೆಯ ಸ್ವತ್ತನ್ನು ನಿರ್ವಹಿಸುವವರು ವರ್ಷಾಂತ್ಯದಲ್ಲಿ ಲೆಕ್ಕಪತ್ರ ಸಿದ್ಧಪಡಿಸಬೇಕೆಂದು 1284ನೇ ವಿಧಿಯೂ, ವಿಶ್ವಾಸಿಗಳು ಅರ್ಪಿಸಿದ ಸ್ವತ್ತಿನ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕೆಂದು 1287ನೇ ವಿಧಿಯೂ ವಿಧಿಸುತ್ತವೆ. ಮಕ್ಕಳ ಶಿಕ್ಷಣದ ಮೊದಲ ಹೊಣೆಗಾರರು ಹೆತ್ತವರೇ ಎಂಬುದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದ ಬೋಧನೆ. ಆದುದರಿಂದ ಲೆಕ್ಕ ಕೇಳುವುದು ಅವಿಧೇಯತೆಯಲ್ಲ. ಲೆಕ್ಕ ಕೊಡುವುದು ಅವಮಾನವೂ ಅಲ್ಲ.

ಕುಟುಂಬಗಳು ಮಾಡಬಹುದಾದುದು

ರಕ್ಷಕ-ಶಿಕ್ಷಕ ಸಂಘದ ಸಭೆಗೆ ತಾಯಿತಂದೆಯರು ತಪ್ಪದೆ ಹೋಗಬೇಕು. ಅಲ್ಲಿ ಮಗುವಿನ ಅಂಕಗಳನ್ನು ಮಾತ್ರ ವಿಚಾರಿಸಿ ಹಿಂತಿರುಗದೆ, ಶಾಲೆಯ ಆಯವ್ಯಯ, ಖಾಲಿ ಹುದ್ದೆಗಳು, ಮುಂದಿನ ವರ್ಷದ ದಾಖಲಾತಿ ಇವುಗಳ ಕುರಿತೂ ಸೌಜನ್ಯದಿಂದ ಪ್ರಶ್ನಿಸಬೇಕು. ಧರ್ಮಕೇಂದ್ರದ ಪಾಲನಾ ಮಂಡಳಿಯ ಸಭೆಯಲ್ಲಿ ಹಬ್ಬದ ಖರ್ಚಿನಷ್ಟೇ ಶ್ರದ್ಧೆಯಿಂದ ಶಾಲೆಯ ವಿಷಯವೂ ಚರ್ಚೆಗೆ ಬರಬೇಕು. ಲೆಕ್ಕಪರಿಶೋಧನೆ, ಕಾನೂನು, ಶಿಕ್ಷಣ ಕ್ಷೇತ್ರಗಳಲ್ಲಿ ಅನುಭವವಿರುವ ಶ್ರೀಸಾಮಾನ್ಯ ವಿಶ್ವಾಸಿಗಳು, ಅದರಲ್ಲೂ ನಿವೃತ್ತರು, ತಮ್ಮ ಸಮಯವನ್ನು ಶಾಲೆಗೆ ಮುಡಿಪಾಗಿಡಬಹುದು.

ಮಂಡಳಿಯ ಕಡೆಯಿಂದಲೂ ನಿರೀಕ್ಷೆಯಿದೆ. ತರಗತಿಯನ್ನೋ ಶಾಲೆಯನ್ನೋ ಮುಚ್ಚುವ ಮುನ್ನ ಊರಿನ ಹೆತ್ತವರನ್ನು ಕರೆದು ಅಂಕಿ ಅಂಶಗಳನ್ನು ಮುಂದಿಟ್ಟರೆ ಅರ್ಧ ಅಸಮಾಧಾನ ಅಲ್ಲೇ ಕರಗುತ್ತದೆ. ಕೆಲವೊಮ್ಮೆ ಶಾಲೆ ಉಳಿಯುವ ದಾರಿಯೂ ಅಲ್ಲಿಯೇ ತೆರೆಯಬಹುದು.

ಒಡೆತನದ ಪತ್ರ ಮಂಡಳಿಯ ಕಪಾಟಿನಲ್ಲಿರಲಿ, ಅದು ಸರಿಯೇ. ಆದರೆ ಶಾಲೆಯನ್ನು ಉಳಿಸುವುದು ಆ ಪತ್ರವಲ್ಲ. ಬರುವ ಜೂನ್ ತಿಂಗಳಲ್ಲಿ ನಮ್ಮ ಮಕ್ಕಳನ್ನು ಅಲ್ಲಿಗೆ ಸೇರಿಸುವವರೂ, ಸೇರಿಸಿದ ಮೇಲೆ ಸಭೆಗೆ ಬಂದು ಕುಳಿತುಕೊಳ್ಳುವವರೂ ನಾವೇ ಆದಾಗ ಮಾತ್ರ ‘ನಮ್ಮ ಶಾಲೆ’ ಎಂಬ ಮಾತು ಸತ್ಯವಾಗುತ್ತದೆ.